ಕೆಲಸ ಕಡಿಮೆಯಾದಾಗ ಹಳೆಯ ಗುತ್ತಿಗೆದಾರರು ದರ ಇಳಿಸಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಬಹಳ ವರ್ಷಗಳಿಂದ ಕಟ್ಟಡ ಗುತ್ತಿಗೆ ಮಾಡುತ್ತಿದ್ದೀರಿ, ಈಗ ಕೆಲಸಗಳು ಕಡಿಮೆಯಾಗಿವೆ, ನಿನ್ನೆ ಮೊನ್ನೆ ಬಂದವರು ಶೇ 15ರಷ್ಟು ಕಡಿಮೆ ದರ ಹೇಳಿ ಗಿರಾಕಿಗಳನ್ನು ಸೆಳೆಯುತ್ತಿದ್ದಾರೆ; ನೀವೂ ಇಳಿಸಬೇಕೇ? ನಾನೂ ಇದೇ ಕಸುಬಿನವನು. ಇಳಿಸಬೇಡಿ. ಮಾರುಕಟ್ಟೆ ಕುಸಿದ ಕಾಲದಲ್ಲಿ ಕೆಲಸವಿಲ್ಲದೆ ಕೂತವರಿಗಿಂತ ನಷ್ಟದ ಕೆಲಸ ಹಿಡಿದವರೇ ಬೇಗ ಮುಳುಗುವುದನ್ನು ನೋಡಿದ್ದೇನೆ.

ಲೆಕ್ಕ ಹಾಕಿ. 100ರ ಕೆಲಸದಲ್ಲಿ 10 ಉಳಿಯುತ್ತಿತ್ತು ಎನ್ನೋಣ. ದರದಲ್ಲಿ 15 ಅಲ್ಲ, ಬರೀ 5 ಬಿಟ್ಟರೂ ಉಳಿಯುವುದು 5. ಮೊದಲಿನಷ್ಟೇ ಸಂಪಾದಿಸಲು ಎರಡು ಪಟ್ಟು ಕೆಲಸ ಬೇಕು, ಅದೂ ಕೆಲಸವೇ ಇಲ್ಲದ ಹೊತ್ತಿನಲ್ಲಿ! ಜೊತೆಗೆ ಮಾಲೀಕರು ಪ್ರತಿ ಬಿಲ್ಲಿನಲ್ಲಿ ಶೇ 5ರಷ್ಟನ್ನು ಠೇವಣಿಯೆಂದು ಹಿಡಿದುಕೊಂಡರೆ, ನಿಮ್ಮ ಲಾಭ ಹೆಚ್ಚುಕಡಿಮೆ ಎಲ್ಲವೂ, ಕಟ್ಟಡ ಮುಗಿದು ಎಷ್ಟೋ ತಿಂಗಳಾಗುವವರೆಗೆ ಅವರ ಬಳಿಯೇ ಉಳಿಯುತ್ತದೆ. ನಡುವೆ ಕಬ್ಬಿಣದ ಬೆಲೆ ಏರಿತೋ, ಕೈಯಿಂದ ಹಾಕುವವರು ನೀವು. ಆಗ ಹೊಸ ಕೆಲಸದ ಮುಂಗಡದಲ್ಲಿ ಹಳೆಯ ಕೆಲಸದ ಸಿಮೆಂಟ್ ಬಾಕಿ ತೀರಿಸುವ ಆಟ ಶುರುವಾಗುತ್ತದೆ. ಬ್ರಿಟನ್ನಿನ ದೊಡ್ಡ ಕಟ್ಟಡ ಗುತ್ತಿಗೆ ಕಂಪನಿ ಕ್ಯಾರಿಲಿಯನ್ 2018ರ ಜನವರಿಯಲ್ಲಿ ಮುಚ್ಚಿಹೋದಾಗ ಅದಕ್ಕೆ ಕೆಲಸದ ಕೊರತೆ ಇರಲಿಲ್ಲ, ನೂರಾರು ಸರ್ಕಾರಿ ಗುತ್ತಿಗೆಗಳು ಕೈಯಲ್ಲಿದ್ದವು. ಇಲ್ಲದಿದ್ದದ್ದು ಹಣ.

ಎದುರಾಳಿ ಯಾರೆಂದು ಮೊದಲು ತಿಳಿದುಕೊಳ್ಳಿ. ಕಂಪನಿ ಬಿಟ್ಟು ಸ್ವಂತ ಕೆಲಸ ಹಿಡಿದ ಎಂಜಿನಿಯರೋ ಮೇಸ್ತ್ರಿಯೋ ಆಗಿದ್ದರೆ ಅವರಿಗೆ ಕಚೇರಿ ಬಾಡಿಗೆಯಿಲ್ಲ, ಯಂತ್ರಗಳ ಕಂತಿಲ್ಲ. ಅವರ ಕಡಿಮೆ ದರ ನಿಜವಾದದ್ದೇ ಇರಬಹುದು. ಅಂಥವರೊಡನೆ ಸಣ್ಣ ಮನೆಗಳಿಗಾಗಿ ಜಿದ್ದಿಗೆ ಬೀಳುವುದರಲ್ಲಿ ಅರ್ಥವಿಲ್ಲ. ಉಳಿದವರ ಅಗ್ಗದ ದರ ಸಾಮಾನ್ಯವಾಗಿ ಕೊಟೇಶನ್‌ನಲ್ಲಿ ಬರೆಯದೆ ಬಿಟ್ಟ ಸಾಲುಗಳಲ್ಲಿರುತ್ತದೆ. ಗಿರಾಕಿ ಒಪ್ಪಿದರೆ ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಓದಿ. ನಿಮ್ಮದರಲ್ಲಿ ಸ್ನಾನಗೃಹದ ನೆಲಕ್ಕೆ ವಾಟರ್‌ಪ್ರೂಫಿಂಗ್, ಅದರ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಎಂದಿದೆ. ಅವರದರಲ್ಲಿ 'ಟೈಲ್ಸ್ ಕೆಲಸ' ಎಂದಷ್ಟೇ ಇದೆ. ನಿಮ್ಮದರಲ್ಲಿ ಗಾರೆಯ ದಪ್ಪ ಮಿಲಿಮೀಟರಿನಲ್ಲಿದೆ, ವೈರಿನ ಕಂಪನಿಯ ಹೆಸರಿದೆ. ಅವರದರಲ್ಲಿ 'ಉತ್ತಮ ಗುಣಮಟ್ಟ'. ಅಗೆತದಲ್ಲಿ ಬಂಡೆ ಸಿಕ್ಕರೆ ಖರ್ಚು ಯಾರದು? ಬರೆದಿಲ್ಲ. ಅವೆಲ್ಲ ಆಮೇಲೆ 'ಹೆಚ್ಚುವರಿ ಕೆಲಸ'ವಾಗಿ ಬಿಲ್ಲಿಗೆ ಬರುತ್ತವೆ. ಎದುರಾಳಿಯನ್ನು ಬೈಯಬೇಡಿ, ಓದಿ ಸುಮ್ಮನಿರಿ. ಎಲ್ಲರೂ ಒಪ್ಪುತ್ತಾರೆ ಎಂದಲ್ಲ. ಒಟ್ಟು ಮೊತ್ತ ಮಾತ್ರ ನೋಡುವ ಗಿರಾಕಿ ಹೋದರೆ ಹೋಗಲಿ, ಆತ ಕೊನೆಯ ಬಿಲ್ಲಿಗೂ ಅಲೆಸುವವನೇ.

ಹೊಸ ಕಟ್ಟಡಗಳ ಕೆಲಸ ನಿಂತುಹೋದರೂ ಹಳೆಯವು ಸೋರುವುದು ನಿಲ್ಲುವುದಿಲ್ಲ. ರಿಪೇರಿ, ಬಲಪಡಿಸುವಿಕೆ, ಕಚೇರಿಗಳ ವಾರ್ಷಿಕ ನಿರ್ವಹಣೆ: ಇವು ಸಣ್ಣ ಮೊತ್ತದ, ತಲೆನೋವಿನ ಕೆಲಸಗಳು ನಿಜ. ಆದರೆ ಕೆಲಸ ಬೇಗ ಮುಗಿಯುತ್ತದೆ, ಹಣವೂ ಬೇಗ ಬರುತ್ತದೆ. ನೀವು ಹಿಂದೆ ಕಟ್ಟಿದ ಮನೆಗಳ ಮಾಲೀಕರಿಗೆ ಫೋನ್ ಮಾಡಿ, ಬಿರುಕು ಸೋರಿಕೆ ಇದೆಯೇ ಎಂದು ಕೇಳಿ. ಹೊಸಬರಿಗೆ ಕೇಳಲು ಯಾರೂ ಇಲ್ಲ. ನಿಮಗೆ ಒಂದು ಪಟ್ಟಿಯೇ ಇದೆ.

ಖರ್ಚು ಕಡಿಮೆ ಮಾಡುವಾಗ ಶಟರಿಂಗ್ ಸಾಮಾನು (ಕಾಂಕ್ರೀಟ್ ಹಾಕಲು ಕಟ್ಟುವ ಹಲಗೆ, ತಗಡು) ಮಾರಿ, ವಾಹನ ಮಾರಿ, ಕಚೇರಿ ಚಿಕ್ಕದು ಮಾಡಿ. ನಂಬಿಗಸ್ತ ಮೇಸ್ತ್ರಿಗಳನ್ನು ಮಾತ್ರ ಕೈಬಿಡಬೇಡಿ. ರಿಪೇರಿ ಕೆಲಸದಲ್ಲಿ ಲಾಭ ಉಳಿಯದಿದ್ದರೂ ಅವರ ಕೂಲಿ ಹೊರಟರೆ ಸಾಕು. ಮಾರುಕಟ್ಟೆ ಚೇತರಿಸಿಕೊಂಡಾಗ ಸಾಮಾನು ಬಾಡಿಗೆಗೆ ಸಿಗುತ್ತದೆ, ಅಂಥ ಜನ ಸಿಗುವುದಿಲ್ಲ.

ಈಗ ನಿಮ್ಮ ಮುಂದಿರುವ ಗಿರಾಕಿಯ ವಿಷಯ. ಅವರ ಕೈಯಲ್ಲಿ ನಿಜಕ್ಕೂ ಹಣ ಕಡಿಮೆಯಿದ್ದರೆ ದರ ಮುಟ್ಟದೆ ಕೆಲಸವನ್ನು ಕಡಿಮೆ ಮಾಡಿ: ಕಾಂಪೌಂಡ್ ಗೋಡೆ, ಮೇಲಿನ ಕೋಣೆ ಮುಂದಿನ ಹಂತಕ್ಕಿರಲಿ. ಬದಲಿಗೆ ಬಿಲ್ ಕೊಟ್ಟ ಹತ್ತು ದಿನದೊಳಗೆ ಹಣ ಪಾವತಿ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಕೆಲಸ ಎದುರಾಳಿಗೇ ಹೋಗಲಿ.