ಎರಡು ‘ಲಯನ್ ಕಿಂಗ್’ ಚಿತ್ರಗಳಲ್ಲಿ ಮಕ್ಕಳಿಗೆ ಯಾವುದನ್ನು ತೋರಿಸಬೇಕು?

ಎಂಟು ವರ್ಷದ ಮಗಳಿಗೆ ‘ದಿ ಲಯನ್ ಕಿಂಗ್’ ತೋರಿಸಬೇಕೆಂದಿದ್ದೀರಿ. 1994ರ ಚಿತ್ರವನ್ನು ತೋರಿಸಬೇಕೋ 2019ರದನ್ನೋ ಎಂದು ಕೇಳಿದ್ದೀರಿ. ಅದರ ಜೊತೆಗೆ, ಹಳೆಯದೇ ಚೆನ್ನಾಗಿತ್ತು ಎನ್ನುವವರೆಲ್ಲ ತಮ್ಮ ಬಾಲ್ಯದ ಮೇಲಿನ ಮೋಹದಿಂದ ಹಾಗೆ ಹೇಳುತ್ತಿರಬಹುದೇ ಎಂಬ ಅನುಮಾನವನ್ನೂ ಮುಂದಿಟ್ಟಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ 1994ರ ಚಿತ್ರ. ಎರಡನೆಯದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಈ ಎರಡು ಚಿತ್ರಗಳ ನಡುವಿನ ವ್ಯತ್ಯಾಸವು ನೋಡುವವರ ನೆನಪಿನಲ್ಲಿ ಇರುವಂಥದ್ದಲ್ಲ, ಪರದೆಯ ಮೇಲೆ ಬೆರಳಿಟ್ಟು ತೋರಿಸಬಹುದಾದಂಥದ್ದು.

ಮೂಲವನ್ನೂ ಮರುನಿರ್ಮಾಣವನ್ನೂ ಹೋಲಿಸುವಾಗ ಸಾಮಾನ್ಯವಾಗಿ ಒಂದು ತೊಡಕು ಎದುರಾಗುತ್ತದೆ: ಕಥೆ, ಸಂಗೀತ, ನಟರು ಎಲ್ಲವೂ ಬದಲಾಗಿರುವುದರಿಂದ ಯಾವುದು ಕೆಟ್ಟಿತು, ಯಾವುದು ಉಳಿಯಿತು ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಇಲ್ಲಿ ಆ ತೊಡಕಿಲ್ಲ. ರೋಜರ್ ಆಲರ್ಸ್ ಮತ್ತು ರಾಬ್ ಮಿಂಕಾಫ್ ನಿರ್ದೇಶಿಸಿದ, ಕೈಯಿಂದ ಬಿಡಿಸಿದ ಚಿತ್ರಗಳ 1994ರ ಅನಿಮೇಷನ್ ಚಿತ್ರದ ಕಥೆಯನ್ನೇ ಜಾನ್ ಫಾವ್ರೋ 2019ರಲ್ಲಿ ನಿಜವಾದವುಗಳಂತೆ ಕಾಣುವ ಪ್ರಾಣಿಗಳೊಂದಿಗೆ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯವಾಗಿ ಹೇಳಿದರು. ಹಿನ್ನೆಲೆ ಸಂಗೀತ ಎರಡರಲ್ಲೂ ಹ್ಯಾನ್ಸ್ ಝಿಮ್ಮರ್ ಅವರದು. ಮುಖ್ಯ ಹಾಡುಗಳು ಎರಡರಲ್ಲೂ ಎಲ್ಟನ್ ಜಾನ್ ಮತ್ತು ಟಿಮ್ ರೈಸ್ ಅವರವು. ಎಲ್ಲಕ್ಕಿಂತ ಮುಖ್ಯವಾಗಿ, ತಂದೆ ಸಿಂಹವಾದ ಮುಫಾಸನಿಗೆ ಎರಡೂ ಚಿತ್ರಗಳಲ್ಲಿ ದನಿ ಕೊಟ್ಟವರು ಜೇಮ್ಸ್ ಅರ್ಲ್ ಜೋನ್ಸ್. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಅದೇ ನಟ ಅದೇ ಪಾತ್ರದ ಬಹುಪಾಲು ಅದೇ ಮಾತುಗಳನ್ನು ಆಡಿದ್ದಾರೆ. ಹಾಗಾಗಿ ಒಂದು ಮನಸ್ಸನ್ನು ಕಲಕಿ ಇನ್ನೊಂದು ಹಾಗೆ ಮಾಡದಿದ್ದರೆ ಕಾರಣವನ್ನು ಮಾತಿನಲ್ಲಿ ಹುಡುಕಿ ಪ್ರಯೋಜನವಿಲ್ಲ; ಅದು ಇರುವುದು ಮುಖದಲ್ಲಿ, ಬಣ್ಣದಲ್ಲಿ, ಚಲನೆಯಲ್ಲಿ.

ಒಂದು ದೃಶ್ಯವನ್ನು ತೆಗೆದುಕೊಳ್ಳೋಣ. ಹೋಗಬಾರದೆಂದು ಹೇಳಿದ್ದ ಆನೆಗಳ ಸ್ಮಶಾನಕ್ಕೆ ಮರಿ ಸಿಂಬ ಗೆಳತಿ ನಾಲಾಳನ್ನು ಕರೆದುಕೊಂಡು ಹೋಗಿ, ಕತ್ತೆಕಿರುಬಗಳ ಬಾಯಿಗೆ ಬೀಳುವುದರಲ್ಲಿದ್ದಾಗ ಮುಫಾಸ ಬಂದು ಕಾಪಾಡುತ್ತಾನೆ. ಅನಂತರ ಮಿಕ್ಕವರನ್ನು ಮುಂದೆ ಕಳುಹಿಸಿ, ಮಗನನ್ನು ಒಬ್ಬನೇ ತನ್ನ ಬಳಿಗೆ ಕರೆಯುತ್ತಾನೆ. 1994ರ ಚಿತ್ರದಲ್ಲಿ ಆ ಕರೆ ಕೇಳಿದೊಡನೆ ಸಿಂಬ ಹುಲ್ಲಿನೊಳಗೆ ಕುಗ್ಗುತ್ತಾನೆ, ಕಿವಿಗಳು ತಲೆಗೆ ಅಂಟಿಕೊಳ್ಳುತ್ತವೆ. ನಡೆದು ಬರುವಾಗ ಅವನ ಪುಟ್ಟ ಕಾಲು ತಂದೆಯ ಹೆಜ್ಜೆಗುರುತಿನೊಳಗೆ ಬೀಳುತ್ತದೆ. ಅವನು ನಿಂತು ಅದನ್ನು ನೋಡುತ್ತಾನೆ. ತಂದೆಯ ಹುಬ್ಬು ಗಂಟಿಕ್ಕಿದೆ, ಆದರೆ ಮಗ ತಾನೂ ಅಪ್ಪನಂತೆ ಧೈರ್ಯಶಾಲಿಯಾಗಬೇಕೆಂದಿದ್ದೆ ಎಂದಾಗ ಆ ಗಂಟು ನಿಧಾನವಾಗಿ ಸಡಿಲಗೊಳ್ಳುತ್ತದೆ. ತನಗೂ ಇಂದು ಭಯವಾಗಿತ್ತು ಎಂದು ತಂದೆ ಒಪ್ಪಿಕೊಂಡಾಗ ಮರಿಯ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಸಮಾಧಾನ, ಕೊನೆಗೆ ತುಂಟತನ ಒಂದರ ಹಿಂದೊಂದು ಹಾದುಹೋಗುತ್ತವೆ. ಮುಂದಿನ ದುರಂತದ ಭಾರವೆಲ್ಲ ನಿಂತಿರುವುದು ಈ ದೃಶ್ಯದ ಮೇಲೆ, ಏಕೆಂದರೆ ಈ ತಂದೆಯನ್ನು ನಾವೂ ಪ್ರೀತಿಸತೊಡಗುವುದು ಇಲ್ಲಿಯೇ.

2019ರ ಚಿತ್ರದಲ್ಲಿ ಇದೇ ಪ್ರಸಂಗವಿದೆ, ಇದೇ ದನಿಯಿದೆ. ಆದರೆ ಮಾತನಾಡುತ್ತಿರುವುದು ಕೀನ್ಯಾದ ಬಯಲಿನಲ್ಲಿ ಕಾಣಸಿಗುವ ನಿಜವಾದ ಸಿಂಹದಂತೆಯೇ ರೂಪಿಸಿದ ಸಿಂಹ. ನಿಜವಾದ ಸಿಂಹಕ್ಕೆ ಗಂಟಿಕ್ಕುವಂಥ ಹುಬ್ಬಿಲ್ಲ, ಮನುಷ್ಯನಂತೆ ಬಾಗಿ ನಗುವ ತುಟಿಯಿಲ್ಲ, ನೋಟ ಎತ್ತ ಹೊರಳಿತೆಂದು ಹೇಳುವಷ್ಟು ಕಣ್ಣಿನ ಬಿಳುಪು ಹೊರಗೆ ಕಾಣುವುದಿಲ್ಲ. ಬೆಕ್ಕಿನ ಜಾತಿಯ ಪ್ರಾಣಿಗಳು ಭಾವನೆಯನ್ನು ಕಿವಿ, ಬಾಲ, ಮೈಯ ಬಿಗುವಿನ ಮೂಲಕ ತೋರುತ್ತವೆ. ಅವು ಆಡುವುದು ಅವುಗಳದೇ ಭಾಷೆ, ನಾಟಕದ ಸಂಭಾಷಣೆಯಲ್ಲ. ಹೀಗಾಗಿ ದವಡೆ ಮೇಲೆ ಕೆಳಗೆ ಆಡುತ್ತದೆ, ಗಂಭೀರವಾದ ದನಿ ಕೇಳುತ್ತದೆ, ಆದರೆ ಆ ದನಿ ಆ ಮೈಯಿಂದ ಹೊರಟಂತೆ ಅನ್ನಿಸುವುದಿಲ್ಲ. ವನ್ಯಜೀವಿಗಳ ಸಾಕ್ಷ್ಯಚಿತ್ರವೊಂದಕ್ಕೆ ಯಾರೋ ಸೊಗಸಾಗಿ ಮಾತು ಕೂಡಿಸಿದ್ದಾರೆ ಎಂಬ ಭಾವನೆ ಚಿತ್ರದ ಉದ್ದಕ್ಕೂ ನನ್ನನ್ನು ಬಿಡಲಿಲ್ಲ.

ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ಸಮಸ್ಯೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಯಾಗಿ ನೋಡುತ್ತದೆ: ಲೋಕದಲ್ಲಿ ಇದ್ದದ್ದನ್ನು ಇದ್ದಂತೆ ತೋರುವುದು ಒಂದು, ಕಲೆಯ ನಿಯಮಕ್ಕೆ ಒಗ್ಗಿಸಿ ತೋರುವುದು ಇನ್ನೊಂದು. ಯಕ್ಷಗಾನದ ಬಣ್ಣದ ವೇಷವನ್ನು ನೋಡಿ ಇಂಥ ಮುಖ ಲೋಕದಲ್ಲಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಆ ಬಣ್ಣವಿರುವುದರಿಂದಲೇ ಕೊನೆಯ ಸಾಲಿನಲ್ಲಿ ಕುಳಿತವನಿಗೂ ರಾಕ್ಷಸನ ಕ್ರೋಧ ತಲುಪುತ್ತದೆ. 1994ರ ಚಿತ್ರ ಅಡಿಯಿಂದ ಮುಡಿಯವರೆಗೆ ನಾಟ್ಯಧರ್ಮಿ. ಅದರ ಕಥೆಯ ಹಿಂದೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಇದ್ದಾನೆ: ಅಣ್ಣನನ್ನು ಕೊಂದು ಗದ್ದುಗೆಯೇರುವ ಚಿಕ್ಕಪ್ಪ, ತಂದೆಯ ಪ್ರೇತದರ್ಶನ, ಕರ್ತವ್ಯದಿಂದ ತಪ್ಪಿಸಿಕೊಂಡು ತಿರುಗುವ ರಾಜಕುಮಾರ. ಮರುನಿರ್ಮಾಣವು ಈ ನಾಟಕವನ್ನು, ಅದರ ಹಾಡುಗಳನ್ನು, ಅದರ ಭಾಷಣಗಳನ್ನು ಹಾಗೆಯೇ ಉಳಿಸಿಕೊಂಡು ಮೇಲಿನ ರೂಪವನ್ನು ಮಾತ್ರ ಲೋಕಧರ್ಮಿಯಾಗಿಸಿತು. ಒಳಗೂ ಹೊರಗೂ ಎರಡು ಬೇರೆ ಧರ್ಮಗಳನ್ನು ಇಟ್ಟುಕೊಂಡದ್ದೇ ಅದರ ಮೂಲ ದೋಷ ಎಂಬುದು ನನ್ನ ನಿಲುವು.

ಇದನ್ನು ಕೈಕೆಲಸ ಮತ್ತು ಕಂಪ್ಯೂಟರಿನ ನಡುವಿನ ಜಗಳವೆಂದು ತಿಳಿಯಬಾರದು. ಹಳೆಯ ಚಿತ್ರವೂ ಕಂಪ್ಯೂಟರಿನ ನೆರವು ಪಡೆದಿತ್ತು. ಕಣಿವೆಯಲ್ಲಿ ವಿಲ್ಡಬೀಸ್ಟ್ ಎಂಬ ಆಫ್ರಿಕಾದ ಕಾಡುಪ್ರಾಣಿಗಳ ಹಿಂಡು ನುಗ್ಗಿಬರುವ ಆ ಭೀಕರ ದೃಶ್ಯ ಸುಮಾರು ಎರಡೂವರೆ ನಿಮಿಷದ್ದು. ಓಡುವ ಪ್ರಾಣಿಗಳು ಒಂದರೊಳಗೊಂದು ತೂರಿಕೊಳ್ಳದಂತೆ ನೋಡಿಕೊಳ್ಳಲು ಅದಕ್ಕೆಂದೇ ಒಂದು ತಂತ್ರಾಂಶವನ್ನು ರೂಪಿಸಬೇಕಾಯಿತು ಮತ್ತು ಆ ದೃಶ್ಯಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇನ್ನು 2019ರ ಚಿತ್ರವನ್ನು ಅನೇಕರು ‘ಲೈವ್ ಆ್ಯಕ್ಷನ್’ (ಕ್ಯಾಮೆರಾದಿಂದ ಚಿತ್ರೀಕರಿಸಿದ್ದು) ಎಂದು ಕರೆಯುತ್ತಾರಾದರೂ ಅದೂ ಅನಿಮೇಷನ್ ಚಿತ್ರವೇ. ಆಫ್ರಿಕಾದಲ್ಲಿ ಕ್ಯಾಮೆರಾ ಹಿಡಿದು ಸೆರೆಹಿಡಿದದ್ದು ಆರಂಭದ ಸೂರ್ಯೋದಯದ ಒಂದೇ ಒಂದು ಶಾಟ್ ಎಂದು ಫಾವ್ರೋ ಅವರೇ ಬಹಿರಂಗಪಡಿಸಿದರು. ಮಿಕ್ಕ 1490 ಶಾಟ್‌ಗಳು ಕಲಾವಿದರು ಕಂಪ್ಯೂಟರಿನಲ್ಲಿ ನಿರ್ಮಿಸಿದಂಥವು. ಛಾಯಾಗ್ರಾಹಕ ಕೇಲೆಬ್ ಡೆಶನೆಲ್ ಮತ್ತು ಸಂಗಡಿಗರು ವರ್ಚುವಲ್ ರಿಯಾಲಿಟಿ ಕನ್ನಡಕ ಧರಿಸಿ, ಕಂಪ್ಯೂಟರಿನೊಳಗಿನ ಬಯಲಿನಲ್ಲಿ ನಡೆದಾಡಿ, ನಿಜವಾದ ಚಿತ್ರೀಕರಣದಂತೆಯೇ ಕ್ಯಾಮೆರಾದ ಜಾಗವನ್ನು ಆರಿಸಿದರು. ಈ ಸಾಧನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೇಸರದ ಒಂದೊಂದು ಕೂದಲೂ ಗಾಳಿಗೆ ಅಲುಗುವುದನ್ನು ಮೊದಲ ಬಾರಿ ನೋಡಿದಾಗ ನಿಜಕ್ಕೂ ಬೆರಗಾದೆ. ಆದರೆ ಅಷ್ಟು ಸ್ವಾತಂತ್ರ್ಯ ಕೈಯಲ್ಲಿದ್ದೂ, ಕಲ್ಪಿತ ಪ್ರಾಣಿಯ ಮುಖಕ್ಕೆ ಒಂದಿಷ್ಟು ಭಾವವನ್ನು ಕೊಡಬಾರದೆಂದು ತಮಗೆ ತಾವೇ ನಿಷೇಧ ಹಾಕಿಕೊಂಡದ್ದು ತಂತ್ರಜ್ಞಾನದ ಮಿತಿಯಲ್ಲ, ನಿರ್ದೇಶನದ ಆಯ್ಕೆ.

ಆ ಆಯ್ಕೆಗೆ ಅತಿ ಹೆಚ್ಚು ಬೆಲೆ ತೆತ್ತವನು ಮುಫಾಸನ ತಮ್ಮ, ಖಳನಾಯಕ ಸ್ಕಾರ್. ಮೂಲದಲ್ಲಿ ಜೆರೆಮಿ ಐರನ್ಸ್ ಅವರ ದನಿಯನ್ನು ಕೇಳುತ್ತಾ ಅನಿಮೇಟರ್ ಆಂಡ್ರಿಯಾಸ್ ಡೇಜ ಆ ಪಾತ್ರವನ್ನು ರೂಪಿಸಿದರು. ನಟನ ಮುಖಚರ್ಯೆಯೇ ಸಿಂಹದ ಮುಖಕ್ಕೆ ಇಳಿದಿದೆ. ಬಳಲಿದಂತೆ ಬಾಗುವ ಕೊರಳು, ಅರೆಮುಚ್ಚಿದ ಹಸಿರುಗಣ್ಣು, ಮಾತಿಗೆ ಮುನ್ನ ಉಗುರನ್ನು ಹೊರಚಾಚುವ ರೀತಿ, ಇವೆಲ್ಲವೂ ಅವನ ಕುಹಕವನ್ನು ಸಂಭಾಷಣೆಯ ನೆರವಿಲ್ಲದೆ ಹೇಳುತ್ತವೆ. ಅವನು ಕತ್ತೆಕಿರುಬಗಳ ಮುಂದೆ ರಾಜದ್ರೋಹದ ಹಾಡು ಹಾಡುವಾಗ ಇಡೀ ಗವಿ ವಿಷದಂಥ ಹಸಿರಿನಿಂದ ಬೆಂಕಿಯ ಕೆಂಪಿಗೆ ತಿರುಗುತ್ತದೆ, ಕಿರುಬಗಳು ಸರ್ವಾಧಿಕಾರಿಯ ಸೈನ್ಯದಂತೆ ಕಾಲೆತ್ತಿ ಸಾಲಾಗಿ ನಡೆಯುತ್ತವೆ. ಸಾಕ್ಷ್ಯಚಿತ್ರದ ಬೆಳಕಿನಲ್ಲಿ ಇದಾವುದೂ ಸಾಧ್ಯವಿಲ್ಲವಾದ್ದರಿಂದ 2019ರಲ್ಲಿ ಆ ಹಾಡು ಅರ್ಧ ಮಾತಾಗಿ, ಅರ್ಧ ಹಾಡಾಗಿ, ಕಿರಿದಾಗಿ ಮುಗಿದುಹೋಗುತ್ತದೆ. ಹೊಸ ಚಿತ್ರದಲ್ಲಿ ಸ್ಕಾರ್‌ಗೆ ದನಿ ಕೊಟ್ಟ ಚಿವೆಟೆಲ್ ಎಜಿಯೊಫರ್ ಶ್ರೇಷ್ಠ ನಟ, ಅವರ ದನಿಯಲ್ಲಿ ಬೇರೆಯೇ ಬಗೆಯ ಕಹಿಯಿದೆ. ಆ ದನಿಗೆ ಒಪ್ಪುವ ಮುಖವನ್ನು ಚಿತ್ರ ಅವರಿಗೆ ಕೊಡಲಿಲ್ಲ. ಸಿಂಬ ಮತ್ತು ನಾಲಾಳ ಪ್ರೇಮಗೀತೆಗೂ ಇದೇ ಗತಿ. ಮೂಲದಲ್ಲಿ ನೀಲಿ ಮುಸ್ಸಂಜೆಯಲ್ಲಿ, ಜಲಪಾತದ ಪಕ್ಕದಲ್ಲಿ ಅರಳುವ ಆ ಹಾಡು, ರಾತ್ರಿಯ ಪ್ರೀತಿಯನ್ನು ಕುರಿತದ್ದಾಗಿದ್ದರೂ, ಹೊಸ ಚಿತ್ರದಲ್ಲಿ ಬಹುಪಾಲು ಹಗಲ ಬೆಳಕಿನಲ್ಲಿ ನಡೆಯುತ್ತದೆ.

ಕಥೆಯ ತಿರುವಿನ ಘಟ್ಟವಾದ ತಂದೆಯ ದರ್ಶನದ ವಿಷಯವನ್ನೂ ಹೇಳಬೇಕು. 1994ರಲ್ಲಿ ಮೋಡಗಳು ಕೂಡಿ ಮುಫಾಸನ ರೂಪ ತಾಳುತ್ತವೆ, ಹೊಂಬೆಳಕು ಬಯಲನ್ನೆಲ್ಲ ತುಂಬುತ್ತದೆ, ಅದು ಕರಗುವಾಗ ಮಗ ಬಿಟ್ಟುಹೋಗಬೇಡ ಎನ್ನುತ್ತಾ ಹಿಂದೆ ಓಡುತ್ತಾನೆ. 2019ರಲ್ಲಿ ಮೋಡದೊಳಗೆ ಮಿಂಚು ಹೊಳೆದಾಗ ಸಿಂಹದ ಮುಖವೊಂದು ಕಂಡೂ ಕಾಣದಂತೆ ಸುಳಿಯುತ್ತದೆ. ಮಾತನಾಡುವ ಸಿಂಹವನ್ನು ಒಪ್ಪಿಕೊಂಡ ಪ್ರೇಕ್ಷಕನು ಮೋಡದಲ್ಲಿ ಮೂಡುವ ಸಿಂಹವನ್ನು ಒಪ್ಪಲಾರನೆಂದು ಏಕೆ ಭಾವಿಸಿದರೋ ನನಗೆ ಅರ್ಥವಾಗಿಲ್ಲ. ಇದಾದ ಬೆನ್ನಿಗೆ ಮೂಲದಲ್ಲಿ ಜ್ಞಾನಿಯಾದ ಮುದಿ ಕೋತಿ ರಫೀಕಿ ತನ್ನ ಕೋಲಿನಿಂದ ಸಿಂಬನ ತಲೆಗೆ ಒಂದೇಟು ಹಾಕಿ, ಆದದ್ದು ಆಗಿಹೋಯಿತು, ಇನ್ನೇಕೆ ಚಿಂತೆ ಎನ್ನುತ್ತಾನೆ. ಎರಡನೆಯ ಏಟು ಬೀಸಿದಾಗ ಸಿಂಬ ತಲೆ ತಗ್ಗಿಸಿ ತಪ್ಪಿಸಿಕೊಳ್ಳುತ್ತಾನೆ. ಹಳೆಯ ನೋವಿನಿಂದ ಓಡಿಹೋಗಬಹುದು ಅಥವಾ ಕಲಿಯಬಹುದು ಎಂಬುದನ್ನು ಎಂಟು ವರ್ಷದ ಮಗುವಿಗೆ ಇದಕ್ಕಿಂತ ಸರಳವಾಗಿ ಹೇಳಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರುನಿರ್ಮಾಣದಲ್ಲಿ ಅದು ಇಲ್ಲ.

ಹಳೆಯ ಚಿತ್ರದ ಅವಧಿ 88 ನಿಮಿಷ, ಹೊಸದರದು 118. ಹೆಚ್ಚಾದ ಅರ್ಧ ಗಂಟೆಯಲ್ಲಿ ಒಳ್ಳೆಯದೂ ಇದೆ. ನಾಲಾ ರಾತ್ರಿಯ ಹೊತ್ತು ಸ್ಕಾರ್‌ನ ಕಣ್ತಪ್ಪಿಸಿ ಪಲಾಯನ ಮಾಡುವ ದೃಶ್ಯ ಮೂಲದಲ್ಲಿ ಇಲ್ಲ. ಅದು ಉಸಿರು ಬಿಗಿಹಿಡಿದು ನೋಡುವಂತಿದೆ, ಅವಳ ಪಾತ್ರಕ್ಕೆ ಸ್ವಂತ ತೂಕವನ್ನೂ ಕೊಡುತ್ತದೆ. ರಾಣಿ ಸರಾಬಿ ಸ್ಕಾರ್‌ಗೆ ಎದುರು ನಿಲ್ಲುವ ಭಾಗವೂ ಇಲ್ಲಿ ಬೆಳೆದಿದೆ. ಸಿಂಬನ ಗೆಳೆಯರಾದ ಮೀರ್‌ಕ್ಯಾಟ್ ಟಿಮೋನ್ ಮತ್ತು ಕಾಡುಹಂದಿ ಪುಂಬಾ ಜೋಡಿಯ ಮಾತುಗಾರಿಕೆ ಲವಲವಿಕೆಯಿಂದ ಕೂಡಿದೆ. ಮುಖದ ನೆರವಿಲ್ಲದೆಯೂ ಮಾತಿನ ವೇಗದಿಂದಲೇ ನಗೆ ಹುಟ್ಟುವುದರಿಂದ ಆ ಇಬ್ಬರು ಈ ಶೈಲಿಯಲ್ಲಿಯೂ ಬದುಕಿಕೊಂಡರು. ಸಿಂಬನ ಕೂದಲಿನ ಒಂದು ಎಳೆ ಕಾಡು ಬಯಲು ದಾಟಿ ರಫೀಕಿಯನ್ನು ಸೇರುವ ಪ್ರಯಾಣವನ್ನು ಹಲವರು ಹೊಗಳಿದ್ದಾರೆ. ನನಗೆ ಅದು ಅಗತ್ಯಕ್ಕಿಂತ ಉದ್ದವೆನಿಸಿತು.

ಮರುನಿರ್ಮಾಣವೆಂದರೆ ಸೋಲೇ ಎಂದು ನಾನು ಹೇಳುತ್ತಿಲ್ಲ. ಇದೇ ಫಾವ್ರೋ 2016ರಲ್ಲಿ 1967ರ ‘ದಿ ಜಂಗಲ್ ಬುಕ್’ ಅನ್ನು ಮತ್ತೆ ನಿರ್ಮಿಸಿದಾಗ ಗೆದ್ದಿದ್ದರು. ಅಲ್ಲಿಯೂ ಪ್ರಾಣಿಗಳು ನೈಜವಾಗಿಯೇ ಇದ್ದವು, ಕಾಡು ಕಂಪ್ಯೂಟರಿನದೇ ಆಗಿತ್ತು. ಆದರೆ ನಡುವೆ ಮೋಗ್ಲಿಯ ಪಾತ್ರದಲ್ಲಿ ನೀಲ್ ಸೇಠಿ ಎಂಬ ನಿಜವಾದ ಹುಡುಗನಿದ್ದ, ಪ್ರಾಣಿಗಳ ಮಾತಿಗೆ ಅವನ ಮುಖ ಸ್ಪಂದಿಸುತ್ತಿತ್ತು, ಪ್ರೇಕ್ಷಕರ ಭಾವನೆಗೆ ಆ ಮುಖ ಆಸರೆಯಾಗಿತ್ತು. ಕಥೆಯಲ್ಲಿಯೂ ಅವರು ಧೈರ್ಯ ತೋರಿದ್ದರು: ಹಳೆಯ ಚಿತ್ರದ ಕೊನೆಯಲ್ಲಿ ಮೋಗ್ಲಿ ಮನುಷ್ಯರ ಹಳ್ಳಿಗೆ ಹೋದರೆ, ಹೊಸದರಲ್ಲಿ ಅವನು ಕಾಡಿನಲ್ಲೇ ಉಳಿಯುತ್ತಾನೆ. ಮೂಲದೊಂದಿಗೆ ಹೀಗೆ ವಾದಕ್ಕೆ ನಿಲ್ಲುವ ಮರುನಿರ್ಮಾಣಕ್ಕೆ ಇರಲು ಒಂದು ಕಾರಣವಿರುತ್ತದೆ. ‘ದಿ ಲಯನ್ ಕಿಂಗ್’ನಲ್ಲಿ ಮನುಷ್ಯರೂ ಇಲ್ಲ, ವಾದವೂ ಇಲ್ಲ.

ನೆನಪಿನ ಮೋಹದ ಬಗ್ಗೆ ನಿಮಗಿರುವ ಅನುಮಾನ ಸಂಪೂರ್ಣ ತಪ್ಪೆಂದು ಹೇಳಲಾರೆ. ಆದರೆ ಆ ಮೋಹ ಹೆಚ್ಚು ಕೆಲಸ ಮಾಡಿದ್ದು ಹೊಸ ಚಿತ್ರದ ಪರವಾಗಿ. ಜಗತ್ತಿನಾದ್ಯಂತ ಅದು 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಹಳೆಯ ಚಿತ್ರವನ್ನು ಪ್ರೀತಿಸಿದ್ದವರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗದೆ ಇದ್ದಿದ್ದರೆ ಅಷ್ಟು ಗಳಿಕೆ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಆರಂಭದ ಹಾಡಿನ ಮೊದಲ ಕೂಗು ಕೇಳಿದಾಗ ಚಿತ್ರಮಂದಿರದಲ್ಲಿ ನನಗೂ ರೋಮಾಂಚನವಾಗಿತ್ತು, ಮತ್ತು ಆ ರೋಮಾಂಚನ 1994ರ ಚಿತ್ರಕ್ಕೆ ಸಲ್ಲಬೇಕಾದದ್ದು.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲು 1994ರ ಚಿತ್ರವನ್ನು ಇಂಗ್ಲಿಷಿನಲ್ಲಿಯೇ, ಬೇಕಾದರೆ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಅರ್ಥ ಹೇಳುತ್ತಾ ತೋರಿಸಿ. ಮುಖಗಳೇ ಅಷ್ಟು ಮಾತನಾಡುವುದರಿಂದ ಭಾಷೆ ದೊಡ್ಡ ಅಡ್ಡಿಯಾಗದು. ಮುಫಾಸನ ಸಾವು ಎರಡರಲ್ಲೂ ಇದೆ, ಆ ಹೊತ್ತಿನಲ್ಲಿ ನೀವು ಜೊತೆಗಿರುವುದು ಒಳ್ಳೆಯದು. ಕೆಲವು ತಿಂಗಳ ಅನಂತರ ಅವಳು ಕೇಳಿದರೆ 2019ರದನ್ನು ತೋರಿಸಬಹುದು, ಆದರೆ ಅದರ ಕತ್ತೆಕಿರುಬಗಳು ನಿಜವಾದವುಗಳಂತೆಯೇ ಇರುವುದರಿಂದ ಆನೆಗಳ ಸ್ಮಶಾನದ ದೃಶ್ಯ ಸಣ್ಣ ಮಕ್ಕಳಿಗೆ ಮೂಲಕ್ಕಿಂತ ಹೆಚ್ಚು ಭಯ ಹುಟ್ಟಿಸಬಹುದು. ಅಮೆರಿಕದಲ್ಲಿ ಹಳೆಯದಕ್ಕೆ ಎಲ್ಲರೂ ನೋಡಬಹುದಾದ ಜಿ ದರ್ಜೆಯನ್ನೂ ಹೊಸದಕ್ಕೆ ಪೋಷಕರ ಮಾರ್ಗದರ್ಶನ ಬೇಕೆನ್ನುವ ಪಿಜಿ ದರ್ಜೆಯನ್ನೂ ಕೊಟ್ಟಿದ್ದರು. ಹೊಸದನ್ನು ಹಿಂದಿಯಲ್ಲಿ ನೋಡುವುದಾದರೆ ಮುಫಾಸ ಮತ್ತು ಸಿಂಬರಿಗೆ ಶಾರುಖ್ ಖಾನ್ ಮತ್ತು ಅವರ ಮಗ ಆರ್ಯನ್ ದನಿ ನೀಡಿದ್ದಾರೆ. ತಂದೆ ಮಗನ ಪಾತ್ರಗಳಿಗೆ ನಿಜವಾದ ತಂದೆ ಮಗನ ದನಿ ಕೂಡಿರುವುದರಿಂದ ಅದನ್ನು ಕೇಳುವ ಸಂತೋಷ ಬೇರೆ. ಎರಡನ್ನೂ ನೋಡಿದ ಮೇಲೆ, ತಂದೆ ಮಗನನ್ನು ಗದರಿಸುವ ಆ ಒಂದು ದೃಶ್ಯವನ್ನು ಎರಡೂ ಚಿತ್ರಗಳಿಂದ ದನಿ ಅಡಗಿಸಿ ಮತ್ತೊಮ್ಮೆ ಹಾಕಿ, ಸಿಂಬನಿಗೆ ಈಗ ಏನನ್ನಿಸುತ್ತಿದೆ ಎಂದು ಮಗಳನ್ನೇ ಕೇಳಿ ನೋಡಿ.