ಒಡೆದ ಥರ್ಮಾಮೀಟರ್, ಮುಚ್ಚಿದ ಕಿಟಕಿ, ಮತ್ತಿ ಮೀನಿನ ಸಾರು

ಪ್ರಶ್ನೆ: ಮೂರು ದಿನದ ಹಿಂದೆ ಗಾಜಿನ ಥರ್ಮಾಮೀಟರ್ ಮಗಳ ಕೈಜಾರಿ ಒಡೆಯಿತು. ಪಾದರಸದ ಮಣಿಗಳನ್ನು ಪೊರಕೆಯಲ್ಲಿ ಗುಡಿಸಿ ಹಿತ್ತಲ ಕಾಫಿ ಗಿಡದ ಬುಡಕ್ಕೆ ಹಾಕಿದೆ. ಮಗಳು ಒಂದು ಮಣಿ ನುಂಗಿರಬಹುದು ಅಂತ ಅತ್ತೆಗೆ ಭಯ. ನಾನು ಐದು ತಿಂಗಳ ಗರ್ಭಿಣಿ. ಮೀನಿನಲ್ಲೂ ಪಾದರಸ ಇರುತ್ತದಂತೆ, ತಿನ್ನಬಹುದಾ?
– ಓದುಗರು, ಮಾದಾಪುರ

ಉತ್ತರ: ಮೊದಲು ಅತ್ತೆಗೆ ಸಮಾಧಾನ ಹೇಳಿ. ನುಂಗಿದ ಪಾದರಸ ಮೈಗೆ ಹತ್ತುವುದು ತೀರಾ ಕಡಿಮೆ, ಮಲದ ಜೊತೆ ಹಾಗೇ ಹೊರಗೆ ಹೋಗುತ್ತದೆ. ಗಾಜಿನ ಚೂರು ನುಂಗಿದ ಅನುಮಾನ ಇದ್ದರೆ ಮಾತ್ರ ಇವತ್ತೇ ಡಾಕ್ಟರಿಗೆ ತೋರಿಸಿ.

ನನಗೆ ಚಿಂತೆ ಇರುವುದು ನೀವು ಬರೆಯದೇ ಬಿಟ್ಟ ವಿಷಯದ ಬಗ್ಗೆ. ಈ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಯಾರು ಕಿಟಕಿ ತೆಗೆಯುತ್ತಾರೆ ಹೇಳಿ, ಎಲ್ಲ ಮುಚ್ಚಿ ಅಗ್ಗಿಷ್ಟಿಕೆ ಇಟ್ಟು ಕೂತಿರುತ್ತೇವೆ ಅಲ್ವಾ? ಪಾದರಸ ತಾನಾಗಿಯೇ ಆವಿಯಾಗುತ್ತದೆ, ಬೆಚ್ಚಗಿದ್ದಷ್ಟೂ ಜಾಸ್ತಿ. ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಾಡಿದ ಆವಿಯಲ್ಲಿ ಶೇ 80ರಷ್ಟು ಮೈಗೆ ಸೇರಿ ಮಿದುಳು, ಮೂತ್ರಪಿಂಡ, ಹೊಟ್ಟೆಯಲ್ಲಿರುವ ಮಗುವಿನವರೆಗೂ ಹೋಗುತ್ತದೆ. ಒಂದು ಥರ್ಮಾಮೀಟರಿನಲ್ಲಿ ಇರುವುದು ಅರ್ಧದಿಂದ ಒಂದು ಗ್ರಾಂ ಅಷ್ಟೇ, ಗಾಬರಿ ಬೇಡ. ಆದರೆ ಪೊರಕೆ ಹಿಡಿದದ್ದು ತಪ್ಪಾಯಿತು: ಒಂದು ಮಣಿ ನೂರಾಗಿ ನೆಲದ ಬಿರುಕಿಗೆ ಸೇರಿರುತ್ತದೆ.

ನೀವು ಮತ್ತು ಮಗಳು ಆ ಕೋಣೆಗೆ ಹೋಗಬೇಡಿ. ಮನೆಯವರು ಕಿಟಕಿ ತೆಗೆದು, ಕತ್ತಲಲ್ಲಿ ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡಲಿ, ಉಳಿದ ಮಣಿ ಮಿಂಚುತ್ತವೆ. ಗಟ್ಟಿ ಕಾಗದದಲ್ಲಿ ತಳ್ಳಿ, ಸಣ್ಣವನ್ನು ಸೆಲೋಟೇಪಿಗೆ ಅಂಟಿಸಿ, ಸ್ವಲ್ಪ ನೀರಿರುವ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಲಿ. ಆ ಪೊರಕೆಯನ್ನೂ ಕವರಿನಲ್ಲಿ ಕಟ್ಟಿಡಿ. ಬಚ್ಚಲ ಒಲೆಗೆ ಮಾತ್ರ ತುರುಕಬೇಡಿ, ಅಷ್ಟೂ ಪಾದರಸ ಒಂದೇ ಸಲ ಆವಿಯಾಗುತ್ತದೆ. ಇವನ್ನು ಎಲ್ಲಿಗೆ ಕೊಡಬೇಕು ಅಂತ ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ. ಕೆಮ್ಮು, ಎದೆ ಬಿಗಿತ, ಜ್ವರ ಕಂಡರೆ ತಡ ಮಾಡದೆ ಹೋಗಿ, ಏನೂ ಇಲ್ಲದಿದ್ದರೂ ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ಹೇಳಿ.

ಕಾಫಿ ಗಿಡದ ಬುಡದಲ್ಲಿ ಮಣಿ ಕಂಡರೆ ಮಣ್ಣು ಸಮೇತ ತೆಗೆಸಿ. ಇಲ್ಲದಿದ್ದರೆ ಮಳೆಗೆ ತೋಡಿಗೆ ಇಳಿದು ಹೊಳೆ ಸೇರುತ್ತದೆ. ನಿಮ್ಮ ಮೀನಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕೆಸರಿನ ಬ್ಯಾಕ್ಟೀರಿಯಾ ಪಾದರಸವನ್ನು, ತಿಂದರೆ ಸುಲಭವಾಗಿ ಮೈಗೆ ಹತ್ತುವ ಮೀಥೈಲ್ ಪಾದರಸ ಮಾಡುತ್ತವೆ, ಅದು ಸಣ್ಣ ಮೀನಿಗೆ ಸೇರಿ, ಸಣ್ಣದನ್ನು ತಿಂದ ದೊಡ್ಡದರಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ನೀರಿನಲ್ಲೇ ಮೀಥೈಲ್ ಪಾದರಸ ಇತ್ತು. 1956ರಲ್ಲಿ ರೋಗ ಬೆಳಕಿಗೆ ಬಂತು, ಆ ಕೊಲ್ಲಿಯ ಮೀನು ತಿಂದ ಕೆಲವು ತಾಯಂದಿರು ಆರೋಗ್ಯವಾಗಿಯೇ ಕಂಡರು, ಹುಟ್ಟಿದ ಮಕ್ಕಳ ಮಿದುಳು ಮಾತ್ರ ಹಾಳಾಗಿತ್ತು.

ಹಾಗಂತ ಮೀನು ಬಿಡಬೇಡಿ, ಮಗುವಿಗೆ ಅದು ಬೇಕು. ವಾರಕ್ಕೆ ಎರಡು ಸಲ ಮತ್ತಿ, ಬಂಗುಡೆ, ಸಿಗಡಿ ಧಾರಾಳವಾಗಿ ತಿನ್ನಿ. ಶಾರ್ಕ್, ದೊಡ್ಡ ಟ್ಯೂನಾ ಸದ್ಯಕ್ಕೆ ಬೇಡ. ಕಾಚಂಪುಳಿಯ ಹುಳಿ ಎಷ್ಟೇ ಹಾಕಿ ಬೇಯಿಸಿದರೂ ಮಾಂಸದೊಳಗಿನ ಪಾದರಸ ಹೋಗುವುದಿಲ್ಲ.

ಅಂದಹಾಗೆ, ಮಣಿ ಹೆಕ್ಕುವವರು ಮೊದಲು ಉಂಗುರ ತೆಗೆದಿಡಲಿ. ಪಾದರಸ ತಗುಲಿದರೆ ಚಿನ್ನ ಬೆಳ್ಳಗಾಗುತ್ತದೆ. ಅದನ್ನು ಬಿಡಿಸಲು ಬೆಂಕಿಗೆ ಹಿಡಿದರೆ, ಮತ್ತೆ ಅದೇ ಆವಿ.