ಅಮೆರಿಕದ ಯೂಟಾದಲ್ಲಿ ಆರ್‌ವಿ (ಮಲಗೋಕೆ, ಅಡುಗೆಗೆ ಜಾಗ ಇರೋ ಗಾಡಿ) ಟ್ರಿಪ್, ಇಂಡಿಯಾದಲ್ಲಿರೋ ಅಮ್ಮಂಗೆ ದಿನಾ ವಿಡಿಯೋ ಕಾಲ್ ಆಗುತ್ತಾ ಅಂತ ಕೇಳಿದ್ರಲ್ಲ

ದಿನಾ ಅಂದ್ರೆ ಕಷ್ಟ ಕಣ್ರೀ, ಏಪ್ರಿಲ್‌ನಲ್ಲಿ ಝಯಾನ್, ಕ್ಯಾಪಿಟಲ್ ರೀಫ್ ನ್ಯಾಷನಲ್ ಪಾರ್ಕ್‌ಗಳು, ಆಮೇಲೆ ಪೇಜ್ ಅನ್ನೋ ಊರು ಅಂತ ಬರ್ದಿದೀರ, ಈ ರೂಟಲ್ಲಿ ಸಿಗ್ನಲ್ ಇರೋದು ಊರುಗಳಲ್ಲಿ ಮಾತ್ರ ಅನ್ಕೊಂಡೇ ಹೊರಡಿ. ಝಯಾನ್ ಕಣಿವೆ ಒಳಗಡೆ ಫೋನು ಬರೀ ಕ್ಯಾಮೆರಾ, ಗೇಟಿಂದ ಆಚೆ ಸ್ಪ್ರಿಂಗ್‌ಡೇಲ್‌ಗೆ ಬಂದ್ರೆ ಜೀವ ಬರುತ್ತೆ.

ಸ್ಟಾರ್‌ಲಿಂಕ್ (ಡಿಶ್ ಇಟ್ಟು ಸ್ಯಾಟಲೈಟ್‌ನಿಂದ ಬರೋ ಇಂಟರ್ನೆಟ್) ತಗೊಂಡ್ರೆ ಎಲ್ಲಾ ಸರಿಹೋಗುತ್ತೆ ಅಂತ ನಾವೂ ಅನ್ಕೊಂಡಿದ್ವಿ. ಅದಕ್ಕೆ ಬೇಕಿರೋದು ತೆರೆದ ಆಕಾಶ, ಕ್ಯಾಪಿಟಲ್ ರೀಫ್‌ನ ಫ್ರೂಟಾ ಕ್ಯಾಂಪ್‌ಗ್ರೌಂಡಲ್ಲಿ ಒಂದ್ಕಡೆ ಕೆಂಪು ಬಂಡೆಗೋಡೆ ಇನ್ನೊಂದ್ಕಡೆ ದೊಡ್ಡ ದೊಡ್ಡ ಕಾಟನ್‌ವುಡ್ ಮರ, ನಮ್ಮೆಜಮಾನ್ರು ಡಿಶ್ ಎತ್ಕೊಂಡು ಪಿಕ್ನಿಕ್ ಟೇಬಲ್ ಸುತ್ತ ಪ್ರದಕ್ಷಿಣೆ ಹಾಕಿದ್ದೇ ಬಂತು, ಹತ್ತು ಸೆಕೆಂಡ್ ಅತ್ತೆ ಮುಖ ಕಾಣೋದು ಆಮೇಲೆ ಫ್ರೀಝ್. ಅಲ್ಲಿ ಗಾಡಿಗೆ ಕರೆಂಟ್ ಕನೆಕ್ಷನ್ನೂ ಇಲ್ಲ, ಬ್ಯಾಟರಿ ನೋಡ್ಕೊಂಡು ಆನ್ ಮಾಡಿ. ಕೊನೆಗೆ ಟೋರಿ ಊರಿಗೆ ಹೋಗಿ ಕಾಲ್ ಮಾಡಿದ್ವಿ.

ಇನ್ನೊಂದು, ಟೈಮು. ಯೂಟಾದಲ್ಲಿ ಬೆಳಗ್ಗೆ 7 ಅಂದ್ರೆ ಇಂಡಿಯಾದಲ್ಲಿ ಸಂಜೆ 6:30, ಪೇಜ್ ಇರೋ ಅರಿಝೋನಾದಲ್ಲಿ ಯೂಟಾದ ಥರ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಬದಲಾಯಿಸಲ್ಲ ಹಾಗಾಗಿ ಅಲ್ಲಿ ಬೆಳಗ್ಗೆ 7ಕ್ಕೆ ಇಂಡಿಯಾದಲ್ಲಿ ಸಂಜೆ 7:30 ಆಗಿರುತ್ತೆ, ಪಕ್ಕದ ನವಾಹೋ ನೇಷನ್‌ನವರು (ಅಲ್ಲಿನ ಮೂಲನಿವಾಸಿಗಳ ಪ್ರದೇಶ) ಬದಲಾಯಿಸ್ತಾರೆ, ಫೋನು ಯಾವ ಟವರ್ ಹಿಡಿಯುತ್ತೋ ಆ ಟೈಮ್ ತೋರ್ಸುತ್ತೆ. ಪೇಜ್ ಹತ್ರದ ಆಂಟಿಲೋಪ್ ಕ್ಯಾನ್ಯನ್ ಟೂರ್ ಬುಕ್ ಮಾಡಿದ್ರೆ ಅರಿಝೋನಾ ಟೈಮಾ ನವಾಹೋ ಟೈಮಾ ಅಂತ ಕೇಳ್ಕೊಂಡ್‌ಬಿಡಿ.

ಆಫ್‌ಲೈನ್ ಮ್ಯಾಪ್ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಅಮ್ಮಂಗೆ ಮೊದಲೇ ಹೇಳಿಡಿ, ಎರಡು ದಿನ ಫೋನ್ ಬರ್ದಿದ್ರೆ ಗಾಬರಿ ಆಗ್ಬೇಡಿ ಅಂತ.